ಊದುಬತ್ತಿ ಚುಚ್ಚಿದ ವಿಮಾನ

ಕೆಲವರಿಗೆ ಚಳಿ ಬಂದರೆ ನೆಗಡಿ ಬರುತ್ತದಲ್ಲ, ಹಾಗೆ ನನಗೆ ಹಬ್ಬ ಬಂದರೆ ಮಾನ ಹೋಗುತ್ತದೆ. ಹೋದರೆ ಹೋಗಲಿ, ಮನೆಯೊಳಗೆ ಹೋಗಬಾರದೆ? ಉಹೂಂ, ನಾಲ್ಕು ಜನ ಸೇರಿದ ಕಡೆಯೇ ಹೋಗಬೇಕು.

೧. ಇಮಾನದ ಕಡೆ ಹುಡುಗ

ಹಿರಿಯೂರಿಂದಾಚೆ, ಹರಿಯಬ್ಬೆ ಕಡೆ, ನಾನು ಕೆಲಸಕ್ಕಿರುವ ಯಜಮಾನರದೊಂದು ಹಳೇ ವಿಮಾನ. ಎರಡೇ ಸೀಟು. ವಯಸ್ಸಿನಲ್ಲಿ ನನಗಿಂತ ದೊಡ್ಡದು. ಅವರು ಹಾರಿಸುತ್ತಾರೆ. ನಾನು ಅದು ಓಡುವ ಮಣ್ಣಿನ ದಾರಿ ಗುಡಿಸುತ್ತೇನೆ, ನಾಯಿ ಓಡಿಸುತ್ತೇನೆ, ಪೆಟ್ರೋಲು ಹುಯ್ಯುತ್ತೇನೆ.

ಹೆಣ್ಣು ನೋಡಲು ತಾಳ್ಯಕ್ಕೆ ಹೋದಾಗ ಮಾವ, "ಹುಡುಗಂದು ಏನು ಕೆಲ್ಸ?" ಅಂದರು. ಸಂಬಂಧ ತಂದವನು "ಇಮಾನದ ಕಡೆ" ಅಂದುಬಿಟ್ಟ. ನಾನು ತಲೆ ತಗ್ಗಿಸಿ ಉಪ್ಪಿಟ್ಟು ತಿಂದೆ. ಉಪ್ಪಿಟ್ಟು ಮುಗಿಯುವಷ್ಟರಲ್ಲಿ ನಾನು ಪೈಲಟ್ಟಾಗಿದ್ದೆ.

ಆಮೇಲೆ ನಿಜ ಹೇಳೋಣವೆಂದರೆ ಬಾಯಿ ಬರಲಿಲ್ಲ. ತಾಳ್ಯದಲ್ಲಿ ನನ್ನ ಕಂಡರೆ ಕಟ್ಟೆ ಮೇಲೆ ಕೂತವರು ಎದ್ದು ನಿಲ್ಲುತ್ತಿದ್ದರು. ನಮ್ಮೂರಲ್ಲಿ ನಾನು ಹೋದರೆ ದಾರಿಗಡ್ಡ ಮಲಗಿದ ನಾಯಿಯೂ ಏಳುವುದಿಲ್ಲ.

ಹೋದ ವರ್ಷ ಆಯುಧಪೂಜೆ ಹತ್ತಿರ ಬಂದಾಗ ಯಜಮಾನರೇ, "ಪೂಜೆ ಮುಗಿಸಿ ನಿನ್ನನ್ನೂ ಒಂದು ರೌಂಡು ಕರ್ಕೊಂಡು ಹೋಗ್ತೀನಿ ಕಣಯ್ಯ, ನಿಮ್ಮ ಮಾವನ ಊರ ಮೇಲೇ ಹೋಗೋಣ" ಅಂದರು. ಆಗಲೇ ಮಾವನಿಗೆ ಫೋನು ಹಚ್ಚಿದೆ. "ಹಬ್ಬದ ದಿನ ಮಾಳಿಗೆ ಹತ್ತಿ ನಿಂತ್ಕಳ್ರಿ ಮಾವ, ಮೇಲಿಂದ ಕೈ ಬೀಸ್ತೀನಿ." ಮಾವ ಊರಿಗೆಲ್ಲ ಸಾರಿದರು. ಇನ್ನು ಹಾರದೆ ವಿಧಿಯಿರಲಿಲ್ಲ. ಹಾರದಿದ್ದರೆ ನನ್ನ ಮಾನದ ಜೊತೆ ಮಾವನದೂ ಹೋಗುತ್ತಿತ್ತು.

೨. ಸಿಟ್ಟಿನ ಸಹಾಯಕ

ಹಬ್ಬದ ಬೆಳಿಗ್ಗೆ ಹೊಸದುರ್ಗದಿಂದ ನನ್ನ ಷಡ್ಡಕ ಬಂದಿಳಿದ. ಹೆಂಡತಿಯ ಅಕ್ಕನ ಗಂಡ. ಮಾವನ ಮನೆಯಲ್ಲಿ ನನಗಾಗುವ ಉಪಚಾರ ಕಂಡು ಹೊಟ್ಟೆ ಉರಿದುಕೊಂಡವನು. "ನೀನು ಹಾರೋದ್ನ ವಿಡಿಯೋ ಮಾಡ್ಕಂತೀನಿ" ಅಂದ.

ಇಂಜಿನ್ನು ನೋಡೋಣವೆಂದು ಯಜಮಾನರು ಒಳಗೆ ಕೂತರು. ಆ ವಿಮಾನಕ್ಕೆ ಸೆಲ್ಫು ಗಿಲ್ಫು ಇಲ್ಲ, ಮುಂದೆ ನಿಂತು ಫ್ಯಾನನ್ನು ಕೈಯಲ್ಲೇ ತಿರುಗಿಸಬೇಕು. ತಿರುಗಿಸಿದೆ. ಕೆಮ್ಮಿ ಸುಮ್ಮನಾಯಿತು. ಮತ್ತೆ ತಿರುಗಿಸಿದೆ. ಬೆವರು ಕಿತ್ತುಕೊಂಡಿತು.

"ಏನಪ್ಪ ಪೈಲಟ್ಟು, ನೀನು ಹೊರಗಿದೀಯ, ಒಳಗೆ ಯಾರೋ ಕುಂತವ್ರೆ?" ಅಂದ ಷಡ್ಡಕ.

"ಅವರು... ನನಗೆ ಸಹಾಯಕ್ಕೆ" ಅಂದೆ.

ಒಳಗಿಂದ ಯಜಮಾನರು ಕೂಗಿದರು: "ಲೇ, ಜೋರಾಗಿ ತಿರುಗಿಸೋ! ತಿಂದಿದ್ದೆಲ್ಲ ಎಲ್ಲಿಗೆ ಹೋಯ್ತು?"

"ಸಹಾಯಕ್ಕಿರೋರು ಸ್ವಲ್ಪ ಸಿಟ್ಟಿನೋರು ಕಾಣ್ತೈತೆ" ಅಂದ ಷಡ್ಡಕ.

೩. ಕುರಿಯ ಸಂಬಳ

ಕೊನೆಗೂ ಶುರುವಾದ ಇಂಜಿನ್ನು ನಿಲ್ಲಿಸಿ ಪೂಜೆಗಿಳಿದೆವು. ರೆಕ್ಕೆಗೆ ವಿಭೂತಿ ಪಟ್ಟೆ, ಮೂತಿಗೆ ಸೇವಂತಿಗೆ ಹಾರ, ಚಕ್ರದ ಕೆಳಗೆ ನಿಂಬೆಹಣ್ಣು. ಆ ಬಯಲಲ್ಲಿ ದಿನಾ ಕುರಿ ಮೇಯಿಸುವ ಅಜ್ಜನೊಬ್ಬ ಮಂಡಕ್ಕಿಗೆ ಅಂತ ಬಂದು ಕುಂತಿದ್ದ. ನಾನು ಬೂದುಗುಂಬಳ ತರಲು ಅತ್ತ ಹೋಗಿ ಬರುವುದರೊಳಗೆ ಅವನ ಕುರಿಯೊಂದು ಬಾಳೆಹಣ್ಣಿನ ಚಿಪ್ಪನ್ನು ಸಿಪ್ಪೆ ಸಮೇತ ಮುಗಿಸಿತ್ತು.

"ಏನಜ್ಜ ಇದು?" ಅಂದೆ.

"ಬಿಡಪ್ಪ. ವರ್ಷಪೂರ್ತಿ ನಿನ್ನ ಬಯಲಿಗೆ ಗೊಬ್ಬರ ಹಾಕ್ತೈತೆ, ಒಂದಿನ ಸಂಬಳ ತಗಂಡೈತೆ."

೪. ಹಾರಿದ್ದು

ಬಾಳೆಹಣ್ಣಿಲ್ಲದೆ ಊದುಬತ್ತಿ ಎಲ್ಲಿ ಚುಚ್ಚುವುದು? ಹೊಗೆಯಾಡುವ ಕಡ್ಡಿ ಹಿಡಿದು ವಿಮಾನ ಸುತ್ತಿದೆ. ರೆಕ್ಕೆಯ ಮುಂದೆ ಬೆರಳುದ್ದದ ಕೊಳವೆಯೊಂದು ಕಂಡಿತು. ಅದರ ತೂತು ಊದುಬತ್ತಿಗೇ ಅಳತೆ ಕೊಟ್ಟು ಮಾಡಿಸಿದಂತಿತ್ತು. ಚುಚ್ಚಿದೆ. "ಕಂಪ್ನಿಯೋರು ಎಲ್ಲಾ ಯೋಚ್ನೆ ಮಾಡವ್ರೆ" ಅಂತ ಷಡ್ಡಕನೂ ಮೆಚ್ಚಿದ.

ಮಂಗಳಾರತಿಯಾದ ಮೇಲೆ ಕಿತ್ತರೆ ಕಡ್ಡಿ ಮುರಿದು ತುದಿ ಒಳಗೇ ಉಳಿಯಿತು. ದೇವರದಲ್ಲವೇ, ಇರಲಿ ಅಂತ ಬಿಟ್ಟೆ.

ಫ್ಯಾನು ತಿರುಗಿಸಿ, ಓಡಿಹೋಗಿ ಹಿಂದಿನ ಸೀಟಿಗೆ ಹತ್ತಿ ಬೆಲ್ಟು ಕಟ್ಟಿಕೊಂಡೆ. ನಿಂಬೆಹಣ್ಣು ಅಪ್ಪಚ್ಚಿಯಾದವು. ವಿಮಾನ ಓಡಿತು. ಹೆದರಿಕೆಗೆ ಕಣ್ಣು ಮುಚ್ಚಿ, ಕೈ ಮಾತ್ರ ಬೀಸಲು ಸಿದ್ಧವಾಗಿಟ್ಟುಕೊಂಡೆ. ಮುಂದಿನ ಸೀಟಿಂದ ಯಜಮಾನರು, "ಅಯ್ಯೋ, ವೇಗದ ಮುಳ್ಳು ಏಳ್ತಾನೇ ಇಲ್ಲ!" ಅಂತ ಕಿರುಚಿ ಇಂಜಿನ್ನಿನ ಜೋರು ಇಳಿಸಿ ಬ್ರೇಕು ಒತ್ತಿದರು. ಬ್ರೇಕಿಗೂ ವಿಮಾನದಷ್ಟೇ ವಯಸ್ಸು. ದಾರಿ ಮುಗಿಯಿತು, ಬದು ಹಾರಿತು, ಪಕ್ಕದ ಈರುಳ್ಳಿ ಹೊಲಕ್ಕೆ ಮೂತಿ ನೆಟ್ಟು ಬಾಲ ಮೇಲೆತ್ತಿ ನಿಂತಿತು. ಆಮೇಲೆ ಎಲ್ಲಾ ಗಪ್‌ಚಿಪ್.

"ಬದುಕಿದ್ದೀಯೇನೋ?" ಅಂದರು ಯಜಮಾನರು.

ನಾನು ಕಣ್ಣು ಬಿಡದೆ, "ತಾಳ್ಯ ಬಂತಾ ಸಾರ್?" ಅಂದೆ.

ದೇವರ ದಯೆ, ಅವರಿಗೆ ಏನೂ ಆಗಿರಲಿಲ್ಲ, ನನಗೆ ಮೂಗು ತರಚಿತ್ತು. ಯಜಮಾನರು ಇಳಿದವರೇ ನೇರ ಆ ಕೊಳವೆ ಹತ್ತಿರ ಹೋಗಿ ಪಿನ್ನು ಹಾಕಿ ಕೆದಕಿದರು. ಕಡ್ಡಿ ಹೊರಬಂತು. ಷಡ್ಡಕ ಫೋನು ಹಿಡಿದು ಎದುರಿಗೇ ನಿಂತಿದ್ದ.

"ಗಾಳಿ ನುಗ್ಗಿ ವೇಗ ತೋರ್ಸೋ ತೂತು ಕಣೋ ಇದು! ಇಲ್ಲಿಗ್ಯಾಕೋ ಊದುಬತ್ತಿ ಚುಚ್ಚಿದೆ?"

"ಬಾಳೆಹಣ್ಣು ಕುರಿ ತಿಂತು ಸಾರ್."

ಯಜಮಾನರು ಮುರಿದ ಫ್ಯಾನು ನೋಡುತ್ತ ಬದುವಿನ ಮೇಲೆ ಕೂತುಬಿಟ್ಟರು. ಮಗುವಿನ ಹಾಗೆ ಸಾಕಿದ ವಿಮಾನ. ಬೈದಿದ್ದರೆ ಎಷ್ಟೋ ವಾಸಿಯಿತ್ತು, ಬೈಯಲಿಲ್ಲ. ನಾಚಿಕೆಗೆ ನೆಲ ಬಿರಿಯಬಾರದೇ ಅನ್ನಿಸಿತು. ಅಷ್ಟರಲ್ಲಿ ಕುರಿ ಅಜ್ಜ ಬಂದು, ವಿಮಾನದ ಮೂತಿ ತೋಡಿದ ಸಾಲನ್ನು ಬಗ್ಗಿ ನೋಡಿ ಕೇಳಿದ: "ಸಾಮಿ, ಇದು ಉಳಕ್ಕೂ ಬರ್ತೈತಾ?"

೫. ತಾಳ್ಯದ ಆರತಿ

ಸಂಜೆ ಬಸ್ಸು ಹತ್ತಿ ತಾಳ್ಯಕ್ಕೆ ಹೋದೆ, ಎಲ್ಲರೆದುರು ನಿಜ ಹೇಳಿಬಿಡೋಣ ಅಂತ. ಬಾಯಿ ತೆರೆಯುವ ಮೊದಲೇ ಬಾಗಿಲಲ್ಲಿ ಆರತಿ ಬಂತು. ಅಂಗಳದ ತುಂಬ ಜನ.

"ಅಬ್ಬಬ್ಬಾ, ಎಷ್ಟು ಮೇಲೆ ಹೋದ್ರಿ! ಬಿಳೀ ಗೆರೆ ಎಳ್ಕಂಡೇ ಹೋದ್ರಲ್ರೀ!"

ಯಾವುದೋ ದೇಶಕ್ಕೆ ಹೋಗುವ ದೊಡ್ಡ ವಿಮಾನ ಅತ್ತ ಹಾದಿರಬೇಕು. ಊರಿಗೆ ಊರೇ ಕೈ ಬೀಸಿದೆ. "ನನ್ನ ನೋಡಿ ನಕ್ಕ ಕಣ್ರೇ" ಅಂದಳು ಒಬ್ಬಳು ಅಜ್ಜಿ.

"ಮೂಗಿಗೇನಾತು?" ಅಂತ ಯಾರೋ ಕೇಳಿದರು. ನಾನು ತಡವರಿಸುವಷ್ಟರಲ್ಲಿ ಮಾವನೇ, "ಮೇಲ್ಗಡೆ ಗಾಳಿ ಜಾಸ್ತಿ" ಅಂದರು. "ಫೋನಲ್ಲಿ ವಿಡಿಯೋ ಏನಾರ ಬಂದೈತಾ ಗೌಡ್ರೇ?" ಅಂದರೆ ಮಾವ ಎದೆ ಮೇಲಿನ ಜೇಬು ಅದುಮಿ ಹಿಡಿದು, "ಚಾರ್ಜು ಹೋಗೈತೆ" ಅಂದರು.

ಊಟವಾಗಿ ಕೈ ತೊಳೆಯಲು ಹಿತ್ತಲಿಗೆ ಹೋದೆ. ಮಾವ ಚೊಂಬು ಹಿಡಿದು ಹಿಂದೆಯೇ ಬಂದರು. ಆಚೀಚೆ ನೋಡಿ ಜೇಬಿಂದ ಫೋನು ತೆಗೆದರು. ಚಾರ್ಜು ತುಂಬಿತ್ತು. ಒತ್ತಿದರು. ಬಾಲ ಎತ್ತಿ ನಿಂತ ವಿಮಾನ, ಅದರ ಪಕ್ಕ ನಾನು, ನನ್ನದೇ ದನಿ: "ಬಾಳೆಹಣ್ಣು ಕುರಿ ತಿಂತು ಸಾರ್."

"ಯಾವಾಗ ಬಂತು ಮಾವ?" ಅಂದೆ. ಮುಖ ಎತ್ತಲಾಗಲಿಲ್ಲ.

"ಮಧ್ಯಾಹ್ನವೇ. ದೊಡ್ಡಳಿಯಂದ್ರು ಕಳ್ಸಿದ್ರು."

ಫೋನು ಜೇಬಿಗಿಳಿಸಿ, ನನ್ನ ಕೈಗೆ ನಿಧಾನವಾಗಿ ನೀರು ಹುಯ್ದರು.

"ಅಳಿಯಂದ್ರೇ, ನಾಳೆ ಹೋಗ್ವಾಗ ಎರಡು ಚಿಪ್ಪು ಬಾಳೆಹಣ್ಣು ಕಟ್ಕೊಡ್ತೀನಿ, ತಗಂಡು ಹೋಗ್ರಿ. ಒಂದು ಊದುಬತ್ತಿಗೆ, ಒಂದು ಕುರಿಗೆ."