ಸೂಡಾನಿಗೆ ಹೊರಟ ಚಟ್ನಿಪುಡಿ ಮಾತಾಡಿದ್ದು

ಪಾರ್ಸಲ್ ಕಟ್ಟುವ ವಿದ್ಯೆಯಲ್ಲಿ ಕುಕ್ ಟೌನಿನಿಂದ ಕಮ್ಮನಹಳ್ಳಿವರೆಗೆ ನನ್ನನ್ನು ಮೀರಿಸುವ ಗಂಡಸು ಹುಟ್ಟಿಲ್ಲ! ಹಾಗಂತ ನಾನೇ ಘೋಷಿಸಿಕೊಂಡಿದ್ದೆ.

ನನ್ನ ಬಾಮೈದ ಶಿವಶರಣ ಶಾಂತಿಪಡೆಯ ಸೈನಿಕನಾಗಿ ದಕ್ಷಿಣ ಸೂಡಾನಿನಲ್ಲಿದ್ದಾನೆ. ಅಲ್ಲಿ ಫೋನ್ ಸಿಕ್ಕರೆ ಹಬ್ಬ, ಚಟ್ನಿಪುಡಿ ಸಿಕ್ಕರೆ ಮಹಾಹಬ್ಬ. ಅವನ ಜೊತೆಗಾರನೊಬ್ಬ ರಜೆ ಮುಗಿಸಿ ಅಂದು ಸಂಜೆಯೇ ಹೊರಡುವವನಿದ್ದ. ಹಲಸೂರಿಗೆ ತಲುಪಿಸಿದರೆ ಒಯ್ಯುತ್ತೇನೆ ಎಂದಿದ್ದ.

ಹೆಂಡತಿ ಅಂಜಲಿ ರಟ್ಟಿನ ಪೆಟ್ಟಿಗೆ ತುಂಬಿದಳು. ನಾನು ಹೊಸ ಬಿಳಿ ಪಂಚೆ ಸುತ್ತಿ, ಗೋಣಿದಾರದಲ್ಲಿ ಹೊಲಿದು, ಎರಡೂ ತುದಿ ಬಿಗಿದೆ. ಅವಳು ಮೂಲೆಗಳಿಗೆ ಅರಿಶಿನ ಕುಂಕುಮ ಹಚ್ಚಿದಳು.

"ನೋಡೇ, ದೆವ್ವ ಬಂದ್ರೂ ಬಿಚ್ಚೋಕಾಗಲ್ಲ!"

"ಮೊದ್ಲು ತಲುಪಿಸಿ. ಸುಮ್ನೆ ಅದುಮ್ಬೇಡಿ."

ಚಾಂದ್ ಪಾಷಾನ ಆಟೋ ಹತ್ತಿದೆ. ಕಲ್ಪಳ್ಳಿ ಸ್ಮಶಾನದ ಮುಂದೆ ಟ್ರಾಫಿಕ್ ನಿಂತಿತು. ಆಕಾಶ ಕಪ್ಪಗಾಗಿತ್ತು. ಗೋಡೆಯಾಚೆ ಶಿಲುಬೆಗಳು ಕತ್ತು ನಿಮಿರಿಸಿ ನನ್ನನ್ನೇ ನೋಡುತ್ತಿದ್ದವು. ಇದ್ದಕ್ಕಿದ್ದಂತೆ ಎಲ್ಲ ಹಾರನ್‌ಗಳೂ ನಿಂತವು. ಬೆಂಗಳೂರಿನಲ್ಲಿ ಇದಕ್ಕಿಂತ ಕೆಟ್ಟ ಶಕುನ ಇದೆಯೆ?

ಆಗ ನನ್ನ ತೊಡೆಯ ಮೇಲಿಂದ, ಮಣ್ಣಿನಡಿ ಹೂತಂಥ ದನಿಯೊಂದು ಎದ್ದಿತು.

"ಬೇಗ ಬಾ... ಪಕ್ಕದಲ್ಲೇ ಜಾಗ ಬಿಟ್ಟಿದ್ದೀನಿ..."

ಗೋರಿಗಳತ್ತ ನೋಡಿದೆ. ಎರಡರ ನಡುವೆ ಜಾಗವಿತ್ತು. ಸರಿಯಾಗಿ ನನ್ನ ಅಳತೆಯದು!

ಪಾಷಾ ನಿಧಾನವಾಗಿ ತಿರುಗಿದ. "ಸಾರ್, ಅದ್ರಲ್ಲೇನಿದೆ?"

"ಚ... ಚಟ್ನಿಪುಡಿ."

"ಚಟ್ನಿಪುಡಿ ಕರೀತಾ ಇದೆ ಸಾರ್!"

"ನಿನ್ನನ್ನಿರ್ಬೇಕು, ಪಾಷಾ."

"ನನ್ನನ್ಯಾಕೆ? ನಮ್ ಖಬರಸ್ತಾನ್ ಬೇರೆ ಕಡೆ!" ಬಿಳಿ ಬಟ್ಟೆ, ಕುಂಕುಮ ಅವನ ಕಣ್ಣಿಗೆ ಬಿದ್ದವು. "ಯಾ ಅಲ್ಲಾ! ಬಾಡಿಗೆ ಬೇಡ, ಇಳೀರಿ ಸಾರ್!"

ಗಾಬರಿಯಲ್ಲಿ ಗಂಟನ್ನು ಇನ್ನೂ ಬಿಗಿಯಾಗಿ ಅಪ್ಪಿದೆ.

"ಕತ್ಲಾದ್ರೆ ಭಯ ಆಗುತ್ತೆ... ಬಾ..."

ನನ್ನೊಳಗಿನ ವೀರ ಗರ್ಜಿಸಿದ: "ಅಯ್ಯಯ್ಯೋ! ನಾನು ಬರಲ್ಲ! ನಂಗೆ ಶುಗರ್ ಇದೆ! ಬೇಕಾದ್ರೆ ನನ್ನ ಹೆಂಡ್ತೀನ ಕರ್ಕೊಂಡ್ಹೋಗು!"

ಅಂಜಲಿಗೆ ಫೋನ್ ಮಾಡಿದೆ. "ಪಾರ್ಸಲ್ ಮಾತಾಡ್ತಿದೆ ಕಣೇ! ಬಾ ಅಂತಿದೆ!"

"ನಿಮ್ಮನ್ನಲ್ಲ ರೀ, ಅವಳಪ್ಪನ್ನ! ಶಿವಶರಣನ ಮಗಳು ನಿಖಿತಾಳ ಗೊಂಬೆ ಅದು. ಅದುಮಿದ್ರೆ ಅವಳ ದನೀಲಿ ಮಾತಾಡುತ್ತೆ. ಅಪ್ಪ ಮಲಗೋ ಜಾಗ ದಿನಾ ಖಾಲಿ ಬಿಟ್ಟೇ ಮಲಗುತ್ತೆ ಆ ಮಗು. ತಲುಪಿಸ್ದೆ ಮನೆಗೆ ಬಂದ್ರೆ ನೋಡಿ!"

ಫೋನಿನ ಮಾತು ಕೇಳಿಸಿಕೊಂಡ ಪಾಷಾ ಗಾಡಿ ಅಡ್ಡರಸ್ತೆಗೆ ತಿರುಗಿಸಿದ. ಹಲಸೂರಿನಲ್ಲಿ ಆ ಜೊತೆಗಾರ ಬ್ಯಾಗು ಹೆಗಲಿಗೇರಿಸುವ ಹೊತ್ತಿಗೆ ಪಾರ್ಸಲ್ ಅವನ ಕೈ ಸೇರಿತು.

ಆಮೇಲೊಂದು ಭಾನುವಾರ ಶಿವಶರಣನ ಫೋನ್ ಬಂತು. ಅಂಜಲಿಗೂ ಕೇಳಲೆಂದು ಸ್ಪೀಕರ್ ಹಾಕಿದೆ.

"ಭಾವ, ಮಗಳ ದನಿ ಕೇಳಿ ಅತ್ತುಬಿಟ್ಟೆ. ಆ ಗೊಂಬೆ ಕೇಳಿಸ್ಕೊಂಡಿದ್ದನ್ನೂ ರೆಕಾರ್ಡ್ ಮಾಡುತ್ತೆ, ಗೊತ್ತಾ? ಅವಳ ಮಾತು ಮುಗೀತಿದ್ದಂಗೆ ನಿಮ್ಮ ಕೂಗು ಬಂತು. ಬೇಲಿಯಾಚೆ ಕತ್ತೆಕಿರುಬಗಳು ಉತ್ತರ ಕೊಟ್ವು! ಅದಿರ್ಲಿ, ನಮ್ಮಕ್ಕನ್ನ ಯಾರ ಜೊತೆ ಕಳಿಸ್ತಿದ್ರಿ?"

ಅಂಜಲಿ ಒಂದೂ ಮಾತಾಡಲಿಲ್ಲ. ಅಂಥ ಮೌನ ನಾನು ಕಲ್ಪಳ್ಳಿಯಲ್ಲೂ ಕೇಳಿರಲಿಲ್ಲ!