ಏಳನೇ ಕ್ಲಾಸಿನ ಬಾಗಿಲ ಹಲಗೆ

ಇಷ್ಟಕ್ಕೆಲ್ಲ ಕಾರಣ ಡ್ರಾಯಿಂಗ್ ಮೇಷ್ಟ್ರ ಹೆಂಡತಿಯ ಪಾದಗಳು. ಚಳಿಗಾಲ ಬಂತೆಂದರೆ ಅವು ಮಂಜುಗಡ್ಡೆ. ಆಕೆ ಗಂಟುಮೂಟೆ ಕಟ್ಟಿ ಅಕ್ಕನ ಮನೆ ಸೇರುತ್ತಿದ್ದರು. ಅಲ್ಲಿ ನೆಲದಡಿ ಬಿಸಿನೀರಿನ ಕೊಳವೆಗಳಿದ್ದವು. ಮೇಷ್ಟ್ರಿಗೆ ಮಾತ್ರ ಆ ಮನೆಯಲ್ಲಿ ಜಾಗವೂ ಇರಲಿಲ್ಲ, ಮರ್ಯಾದೆಯೂ ಇರಲಿಲ್ಲ.

ಈ ಸಲವೂ ಅಕ್ಕನ ಮನೆ ಸೇರಿದ್ದ ಹೆಂಡತಿ ಅಂದು ಸಂಜೆ ಉಣ್ಣೆ ಬಟ್ಟೆ ಒಯ್ಯಲು ಬರುವವರಿದ್ದರು. ಅಷ್ಟರೊಳಗೆ ಇಲ್ಲಿನ ನೆಲವೂ ಬೆಚ್ಚಗಾದರೆ ಉಳಿದಾರು. ಇಲ್ಲವಾದರೆ ಚಳಿಗಾಲವಿಡೀ ತಮ್ಮ ಅಡುಗೆಯನ್ನು ತಾವೇ ಉಣ್ಣುವ ಶಿಕ್ಷೆ ಮೇಷ್ಟ್ರಿಗೆ.

ಮಲಗುವ ಕೋಣೆಯಲ್ಲಿ ಕೊಳವೆ ಹಾಸಿ ಸಿಮೆಂಟು ಎಳೆದಾಗಿತ್ತು. ಅದರ ಮೇಲೆ ಹಾಸಲು ಮೇಷ್ಟ್ರು ಹೊಸ ಮರ ಆರಿಸಲಿಲ್ಲ. ಗಂಡಹೆಂಡಿರಿಬ್ಬರೂ ಪಾಠ ಹೇಳಿದ ಹಳೆ ಶಾಲೆಯನ್ನು ಕೆಡವಿದಾಗ ತಂದಿಟ್ಟ ನೆಲದ ಹಲಗೆಗಳು ಇದ್ದವಲ್ಲ. ಇಂಕಿನ ಕಲೆ, ಬೆಂಚು ಎಳೆದ ಗೀರು, ಯಾವನೋ ಪುಣ್ಯಾತ್ಮ ಕಂಪಾಸಿನಲ್ಲಿ ಕೆತ್ತಿದ ಮೇಷ್ಟ್ರ ಮೂಗು, ಎಲ್ಲ ಹಾಗೇ ಇದ್ದವು.

ಬಡಗಿ ಗೊಣಗುತ್ತಲೇ ಹಾಸಿದ. ಸಿಮೆಂಟು ಇನ್ನೂ ಹಸಿ, ಮೇಷ್ಟ್ರಿಗೆ ಆತುರ ಎಂದ. ಗೋಡೆಯ ಸುತ್ತ ಬೆರಳಗಲ ಸಂದು ಬಿಟ್ಟು, "ಮರ ಉಬ್ಬಿದ್ರೆ ಇದೇ ಅದಕ್ಕೆ ಜಾಗ. ಬಿಸಿ ಈಗ್ಲೇ ಹಾಕ್ಬೇಡಿ ಸಾರ್" ಎಂದು ಹೇಳಿ ಹೊರಟ.

ಅವನು ಮೆಟ್ಟಿಲಿಳಿದದ್ದೇ ತಡ, ಮೇಲಿನ ಮಹಡಿಯ ನೆರೆಯವರು ಬಂದರು. ಕರೆಯದೆ ಬಂದು ಬೇಗ ಹೋಗದಿರುವುದರಲ್ಲಿ ಅವರು ನೆಗಡಿಯ ಒಡಹುಟ್ಟು. ಸಂದು ನೋಡಿ, ಇದು ಹಲಗೆ ಉಳಿಸಲು ಬಡಗಿ ಹೂಡಿದ ಆಟ, ಜಿರಳೆಗಳಿಗೆ ರಾಜಬೀದಿ ಎಂದರು. ತಾವೇ ಮಂಡಿಯೂರಿ ಮರದ ಚಕ್ಕೆಗಳನ್ನು ಬಡಿದು ಸಂದನ್ನೆಲ್ಲ ಮುಚ್ಚಿದರು. "ಮನೆಯವರು ಬರೋದು ಇವತ್ತು. ಬಿಸಿ ಬೇಸಿಗೇಲಿ ಹಾಕ್ತೀರಾ?" ಎನ್ನುತ್ತ ಬಿಸಿಯ ಗುಂಡಿಯನ್ನು ಕೊನೆತನಕ ತಿರುಗಿಸಿ ಹೋದರು.

ಮೇಷ್ಟ್ರು ಕೋಣೆಯ ಬಾಗಿಲು ಹಾಕಿಕೊಂಡು ಬರಿಗಾಲಲ್ಲಿ ನಿಂತು ಸುಖಿಸಿದರು. ಸಂಜೆ ಹೊತ್ತಿಗೆ ಹಸಿ ಸಿಮೆಂಟು ಬೆವರಿತು. ಹಲಗೆಗಳು ಆ ಬೆವರು ಕುಡಿದು ಉಬ್ಬಿದವು. ಪಕ್ಕಕ್ಕೆ ಸರಿಯಲು ಜಾಗವಿಲ್ಲದೆ ಮೇಲೆದ್ದವು. ನೆಲ ಒಂಟೆಯ ಬೆನ್ನಾಯಿತು. ಒಳಕ್ಕೆ ತೆರೆಯುವ ಬಾಗಿಲು ಅದಕ್ಕೆ ಕಚ್ಚಿಕೊಂಡಿತು. ಮೇಷ್ಟ್ರು ಒಳಗೆ ಉಳಿದರು, ಆಗಷ್ಟೇ ಬಂದ ಹೆಂಡತಿ ಹೊರಗೆ.

"ಒಳಗೇನ್ ಮಾಡ್ತಿದ್ದೀರಿ?"

"ನಿನಗೋಸ್ಕರ ನೆಲ ಬೆಚ್ಚಗೆ ಮಾಡ್ತಿದ್ದೀನಿ ಕಣೇ" ಎಂದು ಮೇಷ್ಟ್ರು ಬಾಗಿಲ ಕಡೆ ಹೆಜ್ಜೆಯಿಟ್ಟರು. ಹಲಗೆಯೊಂದು ಕಿರ್ರೆಂದಿತು.

ಹೊರಗಿಂದ ಬಾಗಿಲು ತಳ್ಳುತ್ತಿದ್ದುದು ನಿಂತಿತು. ಆಮೇಲೆ ಮೆಲ್ಲನೆಯ ದನಿ: "ಅದು ಏಳನೇ ಕ್ಲಾಸಿನ ಬಾಗಿಲ ಹಲಗೆ ಅಲ್ವಾ?"

ಅದೇ. ಹೆಡ್‌ಮಾಸ್ಟರು ತುಳಿದರೆ ಅರಚುತ್ತಿತ್ತು. ಚಾಕ್‌ಪೀಸು ಕೇಳುವ ನೆಪದಲ್ಲಿ ಡ್ರಾಯಿಂಗ್ ಮೇಷ್ಟ್ರು ತುದಿಗಾಲಲ್ಲಿ ಬಂದರೆ ಬರೇ ಪಿಸುಗುಡುತ್ತಿತ್ತು. ಒಳಗಿದ್ದ ಹೊಸ ಲೆಕ್ಕದ ಟೀಚರು ಬೋರ್ಡಿನಿಂದ ತಿರುಗದೆಯೇ ಎರಡನ್ನೂ ಗುರುತಿಸುತ್ತಿದ್ದರು. ಈ ಮೇಷ್ಟ್ರು ಚಾಕ್‌ಪೀಸು ತಿಂತಾರೆ ಎಂದು ಮಕ್ಕಳು ನಗುತ್ತಿದ್ದರು.

"ಇನ್ನೊಂದ್ಸಲ ತುಳೀರಿ."

ತುಳಿದರು. ಬಾಗಿಲಾಚೆ ಮೂಗೆಳೆದ ಸದ್ದು. ಹೆಂಡತಿ ಉಳಿದಂತೆಯೇ ಎಂದು ಮೇಷ್ಟ್ರು ಹಿಗ್ಗಿದರು.

ಹೆಂಡತಿ ಫೋನು ಮಾಡಿ ಕರೆಸಿದ ಬಡಗಿ, ಬಾಗಿಲಿನ ಬುಡ ಕೊಯ್ದು ಮೇಷ್ಟ್ರನ್ನು ಬಿಡಿಸಿದ. ಎಲ್ಲ ಕಿತ್ತು ಸಿಮೆಂಟು ಒಣಗಿಸಿ ಮತ್ತೆ ಹಾಸುವಷ್ಟರಲ್ಲಿ ಚಳಿಗಾಲವೇ ಕಳೆದಿರುತ್ತದೆ ಎಂದ. ಹೆಂಡತಿ ಯೋಚಿಸಿ, ಆ ಒಂದು ಹಲಗೆ ಮಾತ್ರ ಕೀಳಿಸಿ, ಉಣ್ಣೆ ಬಟ್ಟೆಯ ಜೊತೆಗೆ ಕಾರಿಗೆ ಹಾಕಿಸಿದರು.

"ಇದ್ಯಾಕೆ ಒಯ್ತಿದ್ದೀಯ?"

"ಅಕ್ಕನ ಮನೇಲಿ ನನ್ನ ಕೋಣೆ ಬಾಗಿಲಿಗೆ ಹಾಕಿಸ್ತೀನಿ. ನೀವು ಬಂದ್ರೆ ನಂಗೆ ಗೊತ್ತಾಗ್ಬೇಕಲ್ಲ. ಚಾಕ್‌ಪೀಸು ಕೇಳೋಕೆ ಬನ್ನಿ."

ಕಾರು ತಿರುವಿನಲ್ಲಿ ಮರೆಯಾಗುವವರೆಗೂ ಮೇಷ್ಟ್ರು ಬೀದಿಯಲ್ಲೇ ನಿಂತಿದ್ದು ಒಳಗೆ ಬಂದರು. ಕಿತ್ತ ಹಲಗೆಯ ಜಾಗದಲ್ಲಿ ಬಿಸಿ ಹಿತವಾಗಿ ಏಳುತ್ತಿತ್ತು. ಮೇಲ್ಮನೆಯವರು ಅಲ್ಲಿಗೆ ಕುರ್ಚಿ ಎಳೆದುಕೊಂಡು, ಎರಡೂ ಪಾದ ಅದರಲ್ಲಿಟ್ಟು ಕಣ್ಣು ಮುಚ್ಚಿದ್ದರು.

"ಸೊಗಸಾಗಿದೆ ಮೇಷ್ಟ್ರೇ. ಚಳಿಗಾಲ ಮುಗಿಯೋವರೆಗೂ ಇಲ್ಲೇ ಕೂರ್ತೀನಿ. ನಿಮಗೂ ಒಂದು ಜೊತೆ ಆಯ್ತು."