ಬಾಡಿಗೆದಾರಳು

ಸಾನ್ ಹೆರ್ವಾಸಿಯೊ ಗಡಿಪಟ್ಟಣದ ಆಶ್ರಯ ಪರಿಶೀಲನಾ ಕಚೇರಿಯು ಈವರೆಗೆ ಯಾವ ನಿರಾಶ್ರಿತರ ಅರ್ಜಿಯನ್ನೂ ಓದದೆ ತಿರಸ್ಕರಿಸಿದ್ದಿಲ್ಲ. ಓದಿಯೇ ತಿರಸ್ಕರಿಸಿದೆ. ಈ ಶಿಸ್ತು ನೋಲ್ವಿಯಾಗೆ ಗೊತ್ತಿರಲಿಲ್ಲ, ಪಾಪ. ಹೊಂಡುರಾಸ್‌ನಿಂದ ಜೀವ ಉಳಿಸಿಕೊಂಡು ಮೆಕ್ಸಿಕೋಗೆ ಓಡಿಬಂದವಳು, ಕೇಳಿದ್ದಕ್ಕೆ ಇದ್ದದ್ದನ್ನು ಇದ್ದ ಹಾಗೇ ಹೇಳಿಬಿಟ್ಟಳು.

"ಬಾಡಿಗೆ ಕೊಡಕ್ಕಾಗ್ಲಿಲ್ಲ ಸಾಹೇಬ್ರೇ. ನನ್ನ ಗಂಡನ್ನ ಕೊಂದ್ರು. ಸಂಜೆಯೊಳಗೆ ಬಾಕಿ ಕಟ್ಟು, ಇಲ್ಲಾಂದ್ರೆ ನಿನ್ನನ್ನೂ ಮುಗಿಸ್ತೀವಿ ಅಂದ್ರು."

ಅವಳ ಊರಲ್ಲಿ ರೌಡಿ ಪಡೆಯವರು ಅಂಗಡಿಯವರಿಂದ ಕೀಳುವ ಹಫ್ತಾಕ್ಕೆ ಬಾಡಿಗೆ ಅಂತಲೇ ಹೆಸರು. ಹಾಲು ಕುಡಿಯುವ ಕೂಸಿಗೂ ಗೊತ್ತು. ಅಧಿಕಾರಿ ಎಲೆಯುತೇರಿಯೊ ಅವರು ಮಾತ್ರ ಕಾನೂನು ಓದಿದವರು.

"ಮನೆ ಯಾರದ್ದಮ್ಮ?"

"ನಂದೇ. ಮುಂದುಗಡೆ ರೊಟ್ಟಿ ಅಂಗಡಿ."

"ನಿಂದೇ ಆದ್ರೆ ಬಾಡಿಗೆ ಯಾಕೆ ಕೊಡ್ತಿದ್ದೆ? ಬಾಡಿಗೆ ತಗೊಳ್ಳೋನು ಮಾಲೀಕ, ಕೊಡೋಳು ಬಾಡಿಗೆದಾರಳು. ಬಾಕಿ ಉಳಿಸ್ಕೊಂಡು ದೇಶ ಬಿಟ್ಟಿದೀಯ."

"ಅವ್ರು ರೌಡಿಗಳು ಸಾಹೇಬ್ರೇ."

"ಮಾಲೀಕ್ರನ್ನ ಎಲ್ಲರೂ ಹಾಗೇ ಬೈತಾರೆ. ನಮ್ಮ ಮನೆ ಮಾಲೀಕನೇನು ಕಮ್ಮಿನಾ?"

ಬಾಡಿಗೆಯ ತಕರಾರನ್ನು ಪ್ರಾಣಭಯವೆಂದು ಪರಿಗಣಿಸತಕ್ಕದ್ದಲ್ಲ, ಉಭಯಪಕ್ಷದವರನ್ನೂ ಕರೆಸಿ ರಾಜಿ ಮಾಡಿಸತಕ್ಕದ್ದು ಎಂದು ನಿಯಮವಿದೆ. ಅದರಂತೆ ಮಾಲೀಕರಿಗೆ ನೋಟೀಸು ಹೋಯಿತು. ಅರ್ಜಿದಾರಳು ಸದ್ಯ ಎಲ್ಲಿ ಮಲಗುತ್ತಾಳೆ ಎಂಬ ವಿಳಾಸವೂ ಅದರಲ್ಲಿತ್ತು.

"ನಾನೆಲ್ಲಿದ್ದೀನಂತ ಅವ್ರಿಗೆ ತಿಳಿದ್ಹೋಗತ್ತಲ್ಲ" ಎಂದು ನೋಲ್ವಿಯಾ ಅಳುವುದಕ್ಕೇ ಶುರುಮಾಡಿದಳು.

"ತಿಳೀಲೇಬೇಕಲ್ಲಮ್ಮ. ಎದುರು ಪಾರ್ಟಿಗೆ ಹೇಳದೆ ವಿಚಾರಣೆ ಮಾಡಿದ್ರೆ ಅನ್ಯಾಯ ಆಗಲ್ವಾ?"

ನ್ಯಾಯ ಅಂದರೆ ಹೀಗಿರಬೇಕು, ಅದರ ಮನೆ ಹಾಳಾಗ.

ಪಡೆಯ ಪರವಾಗಿ ಎಡಚ ಎಂಬವನು ಬಂದ. ಇಸ್ತ್ರಿ ಮಾಡಿದ ಅಂಗಿ, ನಯವಾದ ಮಾತು. ಗಡಿಯಲ್ಲಿ ಅವನನ್ನು ಯಾರೂ ತಡೆಯಲಿಲ್ಲ, ಕೈಯಲ್ಲಿ ಸರ್ಕಾರಿ ನೋಟೀಸಿತ್ತು. ಕಚೇರಿ ಅವನಿಗೆ ಕುರ್ಚಿ ಹಾಕಿ ಕಾಫಿ ಕೊಟ್ಟಿತು. ನೋಲ್ವಿಯಾ ನಿಂತೇ ಇದ್ದಳು.

ಎಲೆಯುತೇರಿಯೊ ಅವರು ನಿಷ್ಪಕ್ಷಪಾತಿಗಳು. ಎಡಚನನ್ನೂ ಬಿಡದೆ ತರಾಟೆಗೆ ತೆಗೆದುಕೊಂಡರು.

"ಸಂಜೆಯೊಳಗೆ ಕಟ್ಟು ಅಂದ್ರೆ ಹೇಗ್ರೀ? ಕಾನೂನು ಪ್ರಕಾರ ಒಂದು ತಿಂಗಳ ಗಡುವು ಕೊಡಬೇಕು."

ಎಡಚ ತಲೆ ತಗ್ಗಿಸಿದ. "ತಪ್ಪಾಯ್ತು ಸ್ವಾಮಿ. ನಮ್ಮ ಹುಡುಗರಿಗೆ ಕಾನೂನು ತಿಳಿಯಲ್ಲ. ತಿಂಗಳು ಕೊಟ್ಟೆ ಅಂತ ಬರ್ಕೊಳ್ಳಿ. ಆಮೇಲೆ ನಮ್ಮ ಕೆಲಸ ನಾವು ಮಾಡ್ಬಹುದಲ್ವ?"

"ಗಡುವು ಮುಗಿದ ಮೇಲೆ ಕಚೇರಿ ಮಧ್ಯೆ ಬರೋದಿಲ್ಲ."

ಕಿಟಕಿಯಾಚೆ ಸಾಲಿನಲ್ಲಿ ನಿಂತಿದ್ದ ಹೆಂಗಸೊಬ್ಬಳು ನಿಟ್ಟುಸಿರುಬಿಟ್ಟಳು. "ಪುಣ್ಯವಂತೆ ಕಣೇ ನೀನು. ನಮಗೆ ಬಟ್ಟೆ ಗಂಟು ಕಟ್ಟೋವಷ್ಟು ಹೊತ್ತೂ ಕೊಡ್ಲಿಲ್ಲ."

ನೋಲ್ವಿಯಾಗೂ ಒಂದು ಗಳಿಗೆ ಹಾಗೇ ಅನ್ನಿಸಿತು. ಒಂದು ತಿಂಗಳಿದ್ದರೆ ಉತ್ತರಕ್ಕೆ ಎಲ್ಲಿಯಾದರೂ ಓಡಬಹುದು.

"ತಿಂಗಳು ಯಾವತ್ತಿಂದ ಸಾಹೇಬ್ರೇ?"

"ಮೊದಲ ಎಚ್ಚರಿಕೆ ಕೊಟ್ಟ ದಿನದಿಂದ. ಯಾವಾಗ ಕೊಟ್ರಿ, ಮಾಲೀಕ್ರೇ?"

"ಇವಳ ಗಂಡನ್ನ ಹೊಡೆದುಹಾಕಿದ ದಿನ."

ಎಲೆಯುತೇರಿಯೊ ಗೋಡೆಯ ಕ್ಯಾಲೆಂಡರ್ ನೋಡಿದರು. "ಹಾಗಾದ್ರೆ ನಿನ್ನೆಗೇ ಮುಗೀತು" ಎಂದು 'ಸೌಹಾರ್ದಯುತ ಇತ್ಯರ್ಥ'ದ ಮೊಹರು ಒತ್ತಿದರು.

ಎಡಚ ಎದ್ದು ನೋಲ್ವಿಯಾಗೋಸ್ಕರ ಬಾಗಿಲು ತೆರೆದು ಹಿಡಿದ.

"ಮಾಲೀಕ್ರು ಬರ್ತಿದಾರೆ, ಜರುಗ್ರಪ್ಪಾ" ಎಂದು ಸಾಲಿನಲ್ಲಿ ಯಾರೋ ಅಂದರು. ಎಲ್ಲರೂ ಗೋಡೆಗೆ ಒತ್ತಿಕೊಂಡು ಇಬ್ಬರಿಗೂ ದಾರಿ ಬಿಟ್ಟರು. ಆಮೇಲೆ ಸಾಲು ಒಬ್ಬರಷ್ಟು ಮುಂದೆ ಸರಿಯಿತು.